ಬೈತುಲ್ ಮುಖದ್ದಸ್‌ನ ಟೈಲ್ಸ್ ಮನೆತನ

ಬೈತುಲ್ ಮುಖದ್ದಸ್ ಎಂದ ಕೂಡಲೇ ಚಿನ್ನದ ಬಣ್ಣದ ಖುಬ್ಬ ಕಣ್ಣ ಮುಂದೆ ಬರುತ್ತದೆ. ಖಲೀಫ ಅಬ್ದುಲ್ ಮಲಿಕ್ ಕಾಲದಲ್ಲಿ, ಹಿಜರಿ 72ರಲ್ಲಿ ಕಟ್ಟಿದ ಖುಬ್ಬತುಸ್ಸಖ್ರ ಅದು. ಹೊರಗೋಡೆಗೆ ನೀಲಿ ಟೈಲ್ಸ್ ಹಾಕಿಸಿದ್ದು 16ನೇ ಶತಮಾನದಲ್ಲಿ ಉಸ್ಮಾನಿಯಾ ಸುಲ್ತಾನ್ ಸುಲೈಮಾನ್. ಆ ಟೈಲ್ಸ್‌ನ ದುರಸ್ತಿಗೆಂದು ಬಂದವರ ಒಂದು ಮನೆತನ ನೂರು ವರ್ಷಗಳಿಂದ ಅದೇ ಊರಲ್ಲಿ, ಅದೇ ಕಸುಬಿನಲ್ಲಿದೆ. ಅವರು ಅರ್ಮೇನಿಯನ್ ಕ್ರೈಸ್ತರು.

ತುರ್ಕಿಯ ಕುತಾಹ್ಯ ಟೈಲ್ಸ್ ಕೆಲಸಕ್ಕೆ ಹೆಸರಾದ ಊರು. ಮೊದಲ ಮಹಾಯುದ್ಧದ ವೇಳೆ ಅರ್ಮೇನಿಯನ್ನರನ್ನು ಊರು ಬಿಡಿಸಿದಾಗ ಅಲ್ಲಿನ ಹಿರಿಯ ಕಸುಬುದಾರ ಡೇವಿಡ್ ಒಹಾನೆಸಿಯನ್ ಸಿರಿಯಾದ ಅಲೆಪ್ಪೊ ಸೇರಿದ್ದರು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಆಡಳಿತ ಅವರನ್ನು ಖುಬ್ಬದ ಕೆಲಸಕ್ಕೆ ಕರೆಸಿತು. ಮಡಕೆ ಮಾಡಬಲ್ಲ ನೆಶಾನ್ ಬಾಲಿಯನ್, ಚಿತ್ರ ಬರೆಯಬಲ್ಲ ಮೆಗರ್ಡಿಚ್ ಕರಕಾಶಿಯನ್ ಅವರ ಜೊತೆಗೂಡಿದರು. ಖುಬ್ಬದ ಕೆಲಸ ಎಣಿಸಿದ ಹಾಗೆ ನಡೆಯಲಿಲ್ಲ. ಆದರೂ ಬಂದವರು ಅಲ್ಲೇ ನಿಂತರು. 1922ರಲ್ಲಿ ಬಾಲಿಯನ್, ಕರಕಾಶಿಯನ್ ಇಬ್ಬರೂ ಪಾಲುದಾರರಾಗಿ ನಾಬ್ಲುಸ್ ರಸ್ತೆಯಲ್ಲಿ ಸ್ವಂತ ಕಾರ್ಖಾನೆ ತೆರೆದರು.

ಕೆಲಸ ತಾಳ್ಮೆಯದ್ದು. ಕಾಗದದ ಮೇಲಿನ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹಾಕುತ್ತಾರೆ. ಅದನ್ನು ಒಮ್ಮೆ ಸುಟ್ಟ ಟೈಲ್ಸ್ ಮೇಲಿಟ್ಟು ಇದ್ದಿಲ ಪುಡಿ ಉಜ್ಜಿದರೆ ಚುಕ್ಕಿ ಮೂಡುತ್ತದೆ. ಚುಕ್ಕಿಯ ಮೇಲೆ ಗೆರೆ ಎಳೆದು, ಬಣ್ಣ ತುಂಬಿ, ಗ್ಲೇಝ್ ಹಾಕಿ ಮತ್ತೆ ಸುಡುತ್ತಾರೆ. ದ್ರಾಕ್ಷಿ ಬಳ್ಳಿ, ದಾಳಿಂಬೆ, ಹಕ್ಕಿ, ಮೀನು ಹೀಗೇ ಅರಳುತ್ತವೆ. ಬಣ್ಣ ಸರಿ ಬಂತೋ ಇಲ್ಲವೋ ಅಂತ ಭಟ್ಟಿ ತೆಗೆದ ಮೇಲೆಯೇ ಗೊತ್ತು.

1960ರ ದಶಕದಲ್ಲಿ ಹಿರಿಯರಿಬ್ಬರೂ ತೀರಿಕೊಂಡರು, ಪಾಲುದಾರಿಕೆ ಮುರಿಯಿತು. ಕರಕಾಶಿಯನ್ನರು ಹಳೇಪೇಟೆಯಲ್ಲಿ ಬೇರೆ ಅಂಗಡಿ ಹೂಡಿದರು. ಬಾಲಿಯನ್ ಮನೆಯಲ್ಲಿ ಮಡಕೆ ಮಾಡುವವರಿದ್ದರು, ಚಿತ್ರ ಬರೆಯುವವರು ಬೇಕಿತ್ತು. ಆಗ ಕುಂಚ ಹಿಡಿದವರು ಸೊಸೆ ಮೇರಿ ಬಾಲಿಯನ್. ಫ್ರಾನ್ಸ್‌ನಲ್ಲಿ ಹುಟ್ಟಿ, ಚಿತ್ರಕಲೆ ಕಲಿತು, ಸೆತ್ರಾಕ್ ಬಾಲಿಯನ್‌ರನ್ನು ಮದುವೆಯಾಗಿ ಬಂದವರು. ಹಳೆಯ ಮಾದರಿಯನ್ನೇ ನಕಲು ಮಾಡುತ್ತಾ ಕೂರದೆ, ಗೋಡೆ ತುಂಬುವ ದೊಡ್ಡ ಟೈಲ್ಸ್ ಚಿತ್ರಗಳನ್ನು ರಚಿಸಿದರು. 1992ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಅವರ ಕೃತಿಗಳ ಪ್ರದರ್ಶನ ಏರ್ಪಡಿಸಿತು. 2017ರಲ್ಲಿ ಅವರು ನಿಧನರಾದರು. ಈಗ ಮಗ ನೆಶಾನ್ ಬಾಲಿಯನ್ ಕೆಲಸ ನೋಡಿಕೊಳ್ಳುತ್ತಿದ್ದಾರೆ. ನಮ್ಮಲ್ಲಿ ಇಡುವ ಹಾಗೆಯೇ, ಅಜ್ಜನ ಹೆಸರು.

ಉಪ್ಪ ಕಟ್ಟಿದ ಅಂಗಡಿಯ ಬೋರ್ಡು ಉಳಿಸುವುದು ಸುಲಭ, ಅವರ ಕೈಯ ಕೆಲಸ ಉಳಿಸುವುದು ಕಷ್ಟ. ಗಂಡುಮಕ್ಕಳು ಗಲ್ಫಿಗೆ ಹೋದರು, ಇನ್ನು ಕಸುಬು ಮುಗಿಯಿತು ಎನ್ನುವ ಮಾತು ನಮ್ಮ ಮನೆಗಳಲ್ಲಿ ಕೇಳುತ್ತಲೇ ಇರುತ್ತದೆ. ಹಾಗೆ ಹೇಳುವ ಮೊದಲು ಮಗಳ, ಸೊಸೆಯ ಕೈಯಲ್ಲಿ ಏನು ವಿದ್ಯೆ ಇದೆ ಅಂತ ಒಮ್ಮೆ ಕೇಳಿ ನೋಡಬಹುದಲ್ಲವೇ?