ಡ್ರಿಲ್ಲಿಗೆ ದಾರಿ ತೋರುವ ಅಚ್ಚು

ಕೆಳದವಡೆಯ ಮೂಳೆಯೊಳಗೆ, ದವಡೆ ಹಲ್ಲುಗಳ ಬೇರಿನ ಕೆಳಗೆ, ಒಂದು ಸಪೂರ ಕಾಲುವೆ ಇದೆ. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರ ಅದರೊಳಗೆ ಸಾಗುತ್ತದೆ. ಬಿದ್ದ ಹಲ್ಲಿನ ಜಾಗದಲ್ಲಿ ಟೈಟಾನಿಯಂ ಇಂಪ್ಲಾಂಟ್ ಕೂರಿಸುವಾಗ ಅದರ ತುದಿ ಈ ಕಾಲುವೆಗಿಂತ ಕನಿಷ್ಠ 2 ಮಿಲಿಮೀಟರ್ ಮೇಲೆ ನಿಲ್ಲಬೇಕು. ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿಯುತ್ತದೆ; ಕೆಲವರಿಗೆ ಅದು ವಾಸಿಯಾಗುವುದೇ ಇಲ್ಲ.

ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದಾಗ ಕೈಯ ಹದವೇ ದಾರಿದೀಪ. ಸಾಮಾನ್ಯ ಎಕ್ಸ್‌ರೇ ಮೂಳೆಯ ಎತ್ತರ ತೋರಿಸುತ್ತದೆ, ದಪ್ಪ ತೋರಿಸುವುದಿಲ್ಲ. ಈಗ ಕೋನ್ ಬೀಮ್ ಸಿ.ಟಿ. ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುತ್ತದೆ. ಇನ್ನೊಂದು ಸ್ಕ್ಯಾನರ್ ಹಲ್ಲು, ವಸಡುಗಳ ಮೇಲ್ಮೈಯನ್ನು ಸೆರೆಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಕೂಡಿಸಿ, ಹೊಸ ಹಲ್ಲು ಎಲ್ಲಿ ಬರಬೇಕೆಂದು ಮೊದಲು ತೀರ್ಮಾನಿಸಿ, ಆಮೇಲೆ ಅದರ ಕೆಳಗೆ ಇಂಪ್ಲಾಂಟಿನ ಜಾಗ ಗುರುತಿಸುತ್ತಾರೆ. ಅದಕ್ಕೆ ತಕ್ಕಂತೆ 3ಡಿ ಪ್ರಿಂಟರಿನಲ್ಲಿ ಒಂದು ಅಚ್ಚು ತಯಾರಾಗುತ್ತದೆ. ಹಲ್ಲುಗಳ ಮೇಲೆ ಕೂರುವ ಈ ಅಚ್ಚಿನಲ್ಲಿ ಒಂದು ಬಳೆ. ಡ್ರಿಲ್ ಅದರೊಳಗಿಂದಲೇ ಇಳಿಯಬೇಕು.

ಆದರೂ ತಪ್ಪು ಸೊನ್ನೆಗಿಳಿಯುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಯೋಜಿಸಿದ ಜಾಗಕ್ಕೂ ಇಂಪ್ಲಾಂಟ್ ಕೂತ ಜಾಗಕ್ಕೂ ನಡುವಿನ ಸರಾಸರಿ ವ್ಯತ್ಯಾಸ ಮೇಲ್ಭಾಗದಲ್ಲಿ 1.2, ತುದಿಯಲ್ಲಿ 1.4 ಮಿಲಿಮೀಟರ್, ವಾಲಿಕೆ 3.5 ಡಿಗ್ರಿ. ಆ 2 ಮಿಲಿಮೀಟರಿನ ಬೆಲೆ ಇಲ್ಲಿ ತಿಳಿಯುತ್ತದೆ. ಸ್ಕ್ಯಾನ್ ಮಾಡುವಾಗ ರೋಗಿ ಅಲುಗಿದರೆ, ಅಚ್ಚು ಸರಿಯಾಗಿ ಕೂರದಿದ್ದರೆ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ಒಂದೂ ಹಲ್ಲಿಲ್ಲದವರಲ್ಲಿ ಅಚ್ಚು ಮೆತ್ತನೆಯ ವಸಡಿನ ಮೇಲೆ ಕೂರಬೇಕಾಗುವುದರಿಂದ ಅದನ್ನು ಪಿನ್ನುಗಳಿಂದ ಮೂಳೆಗೆ ಬಿಗಿಯುತ್ತಾರೆ. ಬಿಸಿಯ ಚಿಂತೆಯೂ ಇದೆ: 47 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷ ತಾಗಿದರೆ ಮೂಳೆಗೆ ಹಾನಿ. ಅಚ್ಚು ಅಡ್ಡವಿದ್ದಾಗ ತಂಪು ನೀರು ಒಳಗೆ ಮುಟ್ಟುವುದು ಕಷ್ಟ. ಡ್ರಿಲ್ಲನ್ನು ಆಗಾಗ ಮೇಲೆತ್ತಿ ನೀರು ಹಾಯಿಸಬೇಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಟ್ಟಿಗೆ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಇದು ಅಡಿಕೆಯ ಸೀಮೆ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಿಂದಲೂ ಅಡಿಕೆ ಸಂಶೋಧನಾ ಕೇಂದ್ರವಿದೆ. ವರ್ಷಗಟ್ಟಲೆ ಅಡಿಕೆ ಜಗಿದರೆ ಕೆಲವರ ಕೆನ್ನೆಯ ಒಳಪೊರೆ ನಾರುಗಟ್ಟಿ ಬಿಗಿಯುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬರುತ್ತದೆ. ಆರೋಗ್ಯವಂತರ ಬಾಯಲ್ಲಿ ಅವರದೇ ಮೂರು ಬೆರಳು ಒಂದರ ಮೇಲೊಂದಾಗಿ ಹಿಡಿಸುತ್ತವೆ. ಎರಡೇ ಹಿಡಿಸುವ ಬಾಯಿಗೆ ಈ ವಿಧಾನ ಕಷ್ಟ, ಏಕೆಂದರೆ ಅಚ್ಚಿನ ಎತ್ತರ ದಾಟಿ ಇಳಿಯಲು ಡ್ರಿಲ್ ಸುಮಾರು ಒಂದು ಸೆಂಟಿಮೀಟರ್ ಹೆಚ್ಚು ಉದ್ದವಿರಬೇಕು. ಹಿಂಬದಿಯ ದವಡೆ ಹಲ್ಲಿನ ಜಾಗದಲ್ಲಿ ಅಷ್ಟು ಅವಕಾಶವೇ ಇರುವುದಿಲ್ಲ.

ಇಂಥವರಿಗೆ ಪಕ್ಕದಿಂದ ಡ್ರಿಲ್ ತೂರಿಸಬಹುದಾದ ಅಚ್ಚುಗಳಿವೆ. ಅಚ್ಚೇ ಇಲ್ಲದೆ, ಕ್ಯಾಮೆರಾ ನೆರವಿನಿಂದ ಡ್ರಿಲ್ ಎಲ್ಲಿದೆಯೆಂದು ಪರದೆಯ ಮೇಲೆ ನೋಡುತ್ತಾ ಕೆಲಸ ಮಾಡುವ ವಿಧಾನವೂ ಇದೆ. ಸ್ಕ್ಯಾನ್ ಒಂದೂರಲ್ಲಿ, ಯೋಜನೆ ಮತ್ತೊಂದೂರಲ್ಲಿ ನಡೆಯಬಹುದಾದ ಈ ಕಾಲದಲ್ಲೂ ಬಾಯಿ ಎಷ್ಟು ತೆರೆಯುತ್ತದೆಂಬುದು ಕುರ್ಚಿಯ ಪಕ್ಕ ನಿಂತ ವೈದ್ಯರಿಗೇ ಗೊತ್ತಾಗಬೇಕು. ಆದ್ದರಿಂದ ಸ್ಕ್ಯಾನಿಗೆ ಬರೆದುಕೊಡುವ ಮೊದಲೇ ಆ ಅಳತೆ ತೆಗೆಯುವುದು ಒಳ್ಳೆಯದು. ಬಾಯಿ ಬಿಗಿದಿದ್ದರೆ ಅಡಿಕೆ ಬಿಡಿಸುವುದು, ಕೆನ್ನೆಯೊಳಗೆ ಕ್ಯಾನ್ಸರಿನ ಲಕ್ಷಣ ಇದೆಯೇ ಎಂದು ಪರೀಕ್ಷಿಸುವುದು ಮೊದಲ ಕೆಲಸ. ಇಂಪ್ಲಾಂಟ್ ಆಮೇಲಿನ ಮಾತು.