ಕರೆಂಟು ಹೋದರೂ ಮರೆಯದ ಚಿಪ್: ಮ್ಯಾಗ್ನೆಟಿಕ್ ಟನಲ್ ಜಂಕ್ಷನ್ ಹೇಗೆ ಕೆಲಸ ಮಾಡುತ್ತದೆ?

ಎಫ್‌ಪಿಜಿಎ ಕಲಿಯಲು ಹೊರಟವರಿಗೆ ಬೇಗನೆ ಎದುರಾಗುವ ಸಂಗತಿಯೊಂದಿದೆ. ಲ್ಯಾಪ್‌ಟಾಪಿನಿಂದ ಬೋರ್ಡಿಗೆ ವಿನ್ಯಾಸ ಇಳಿಸಿದಿರಿ, ದೀಪಗಳು ಮಿನುಗಿದವು. ಕೇಬಲ್ ಕಿತ್ತು ಮತ್ತೆ ಚುಚ್ಚಿದರೆ ಬೋರ್ಡು ಸುಮ್ಮನೆ ಕೂತಿರುತ್ತದೆ. ನೀವು ಹೇಳಿಕೊಟ್ಟದ್ದೆಲ್ಲ ಅದಕ್ಕೆ ಮರೆತುಹೋಗಿದೆ.

ಎಫ್‌ಪಿಜಿಎ ಅಂದರೆ ಕೊಂಡು ತಂದ ಮೇಲೆ ನಮಗೆ ಬೇಕಾದ ಸರ್ಕ್ಯೂಟನ್ನು ಒಳಗೆ ಬರೆದುಕೊಳ್ಳಬಹುದಾದ ಚಿಪ್. ಆ ಬರಹ ಸಾಮಾನ್ಯವಾಗಿ ಎಸ್-ರ‍್ಯಾಮ್ ಎಂಬ ಮೆಮೊರಿಯಲ್ಲಿ ಕೂರುತ್ತದೆ. ಎಸ್-ರ‍್ಯಾಮ್‌ನಲ್ಲಿ ಒಂದು ಬಿಟ್‌ಗೆ ಆರು ಟ್ರಾನ್ಸಿಸ್ಟರು ಬೇಕು. ವಿದ್ಯುತ್ ಇರುವಷ್ಟು ಹೊತ್ತು ಮಾತ್ರ ಅದು ನೆನಪಿಡುತ್ತದೆ. ಹಾಗಾಗಿ ಪಕ್ಕದಲ್ಲಿ ಒಂದು ಫ್ಲ್ಯಾಶ್ ಚಿಪ್ ಕೂರಿಸಿ, ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದರಿಂದ ವಿನ್ಯಾಸವನ್ನು ತುಂಬಿಸಿಕೊಳ್ಳುವ ಏರ್ಪಾಟು ಮಾಡಿರುತ್ತಾರೆ. ಈ ಮರೆವಿಗೆ ಚಿಪ್ಪಿನ ಒಳಗೇ ಪರಿಹಾರ ಕೊಡಬಲ್ಲ ಒಂದು ಪುಟ್ಟ ಭಾಗವಿದೆ. ಅದರ ಹೆಸರು ಮ್ಯಾಗ್ನೆಟಿಕ್ ಟನಲ್ ಜಂಕ್ಷನ್, ಚಿಕ್ಕದಾಗಿ ಎಂಟಿಜೆ.

ಎಂಟಿಜೆಯಲ್ಲಿ ಮುಖ್ಯವಾಗಿ ಮೂರು ಪದರಗಳು. ಮೇಲೊಂದು ಕೆಳಗೊಂದು ಅಯಸ್ಕಾಂತೀಯ ಲೋಹದ ಪದರ. ಈಗ ಹೆಚ್ಚಾಗಿ ಬಳಸುವುದು ಕೋಬಾಲ್ಟ್, ಕಬ್ಬಿಣ ಮತ್ತು ಬೋರಾನ್ ಸೇರಿದ ಮಿಶ್ರಲೋಹ. ನಡುವೆ ಮೆಗ್ನೀಸಿಯಂ ಆಕ್ಸೈಡಿನ ತೆಳ್ಳನೆಯ ಪದರ. ಇದರ ದಪ್ಪ ಸುಮಾರು ಒಂದು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಲೋಹದ ಪದರದ ಅಯಸ್ಕಾಂತ ದಿಕ್ಕು ಕದಲದಂತೆ ಬಿಗಿದಿರುತ್ತಾರೆ. ಇನ್ನೊಂದರ ದಿಕ್ಕನ್ನು ಹಿಂದುಮುಂದಾಗಿ ತಿರುಗಿಸಬಹುದು. ಎರಡೂ ಒಂದೇ ದಿಕ್ಕಿಗಿದ್ದರೆ ಕರೆಂಟಿಗೆ ತಡೆ ಕಡಿಮೆ. ಎದುರುಬದುರಾದರೆ ತಡೆ ಹೆಚ್ಚು. ಕಡಿಮೆ ತಡೆಯನ್ನು 0 ಅನ್ನಿ, ಹೆಚ್ಚು ತಡೆಯನ್ನು 1 ಅನ್ನಿ. ಒಂದು ಬಿಟ್ ಸಿದ್ಧ. ಅಯಸ್ಕಾಂತದ ದಿಕ್ಕು ಉಳಿಯಲು ವಿದ್ಯುತ್ ಬೇಕಿಲ್ಲವಾದ್ದರಿಂದ ಕರೆಂಟು ಹೋದರೂ ಬಿಟ್ ಉಳಿಯುತ್ತದೆ.

ಮೆಗ್ನೀಸಿಯಂ ಆಕ್ಸೈಡ್ ವಿದ್ಯುತ್ ನಿರೋಧಕ ತಾನೇ, ಅದರ ಮೂಲಕ ಕರೆಂಟು ಹೇಗೆ ದಾಟುತ್ತದೆ ಎಂದು ನೀವು ಕೇಳಬಹುದು. ದಪ್ಪ ಪದರವಾದರೆ ದಾಟುವುದಿಲ್ಲ. ಆದರೆ ಎಲೆಕ್ಟ್ರಾನಿಗೆ ಅಲೆಯ ಗುಣವೂ ಇದೆ. ನಿರೋಧಕದ ಒಳಗೆ ಆ ಅಲೆ ಬೇಗನೆ ಕ್ಷೀಣಿಸುತ್ತದೆ, ಆದರೂ ಪದರ ಅಷ್ಟು ತೆಳುವಾಗಿದ್ದರೆ ಆಚೆ ಬದಿಯಲ್ಲಿ ಸ್ವಲ್ಪ ಉಳಿದಿರುತ್ತದೆ. ಹೀಗೆ ಕೆಲವು ಎಲೆಕ್ಟ್ರಾನುಗಳು ದಾಟಿಬಿಡುತ್ತವೆ. ಇದಕ್ಕೆ ಟನಲಿಂಗ್ ಎನ್ನುತ್ತಾರೆ. ಪದರದ ದಪ್ಪ ಒಂದು ಪರಮಾಣುವಿನಷ್ಟು ಹೆಚ್ಚು ಕಡಿಮೆಯಾದರೂ ತಡೆ ಭಾರಿಯಾಗಿ ಬದಲಾಗುತ್ತದೆ. ತಯಾರಿಕೆಯ ಕಷ್ಟವೆಲ್ಲ ಇಲ್ಲೇ ಇದೆ.

ಇನ್ನು ದಿಕ್ಕಿಗೂ ತಡೆಗೂ ಏನು ಸಂಬಂಧ? ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಗುಣವಿದೆ. ಅದು ಎರಡೇ ಬಗೆ, ಮೇಲ್ಮುಖ ಅಥವಾ ಕೆಳಮುಖ. ಅಯಸ್ಕಾಂತೀಯ ಲೋಹದಲ್ಲಿ ಒಂದು ಬಗೆಯವು ಹೆಚ್ಚು, ಇನ್ನೊಂದು ಬಗೆಯವು ಕಡಿಮೆ. ಮಹಿಳೆಯರಿಗೆ, ಪುರುಷರಿಗೆ ಬೇರೆ ಬೇರೆ ಸೀಟು ಗೊತ್ತುಮಾಡಿದ ಎರಡು ಬಸ್ಸುಗಳನ್ನು ನೆನೆಯಿರಿ. ಒಂದು ಬಸ್ಸು ಕೆಟ್ಟು, ಅದರ ಪ್ರಯಾಣಿಕರನ್ನು ಇನ್ನೊಂದಕ್ಕೆ ಹತ್ತಿಸಬೇಕು. ಮೊದಲ ಬಸ್ಸಿನಲ್ಲಿ ಮಹಿಳೆಯರೇ ಹೆಚ್ಚಿದ್ದು, ಎರಡನೆಯದರಲ್ಲೂ ಮಹಿಳೆಯರ ಸೀಟುಗಳೇ ಹೆಚ್ಚಿದ್ದರೆ ಬಹುಪಾಲು ಜನಕ್ಕೆ ಜಾಗ ಸಿಗುತ್ತದೆ. ಅಲ್ಲಿ ಪುರುಷರ ಸೀಟುಗಳೇ ಹೆಚ್ಚಿದ್ದರೆ ಹೆಚ್ಚಿನವರು ಕೆಳಗೇ ಉಳಿಯುತ್ತಾರೆ. ಎಲೆಕ್ಟ್ರಾನು ದಾಟುವಾಗ ತನ್ನ ಸ್ಪಿನ್ ಬದಲಿಸುವುದಿಲ್ಲ, ತನ್ನ ಬಗೆಯ ಜಾಗ ಆಚೆ ಖಾಲಿ ಇದ್ದರಷ್ಟೇ ಹೋಗುತ್ತದೆ.

ಇದನ್ನು ಮೊದಲು ತೋರಿಸಿದವರು ಫ್ರಾನ್ಸಿನ ಮಿಶೆಲ್ ಜುಲಿಯೆರ್, 1975ರಲ್ಲಿ. ಆದರೆ ಅವರ ಪ್ರಯೋಗ ನಡೆದದ್ದು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಡೆಯ ವ್ಯತ್ಯಾಸ ಶೇ. 14ರಷ್ಟು ಮಾತ್ರ. ಇಪ್ಪತ್ತು ವರ್ಷ ಇದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು. 1995ರಲ್ಲಿ ಕೋಣೆಯ ತಾಪಮಾನದಲ್ಲೇ ಗಣನೀಯ ವ್ಯತ್ಯಾಸವನ್ನು ಎರಡು ತಂಡಗಳು ತೋರಿಸಿದವು. ಒಂದು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತೆರುನೊಬು ಮಿಯಾಜಾಕಿ ಅವರದು. ಇನ್ನೊಂದು ಅಮೆರಿಕದ ಎಂಐಟಿಯ ಜಗದೀಶ್ ಮೂಡೇರ ಅವರದು. ಮೂಡೇರ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಮದ್ರಾಸ್ ಐಐಟಿಯಲ್ಲಿ ಪಿಎಚ್‌ಡಿ ಮಾಡಿದವರು. 2009ರ ಆಲಿವರ್ ಬಕ್ಲಿ ಪ್ರಶಸ್ತಿ ಅವರಿಗೂ ಮಿಯಾಜಾಕಿ ಸೇರಿ ಇನ್ನು ಮೂವರಿಗೂ ಹಂಚಿಕೆಯಾಯಿತು. ನಮ್ಮ ಪತ್ರಿಕೆಗಳು ಮೂಡೇರ ಅವರ ಹೆಸರನ್ನು ಇನ್ನಷ್ಟು ಬರೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಆಗ ನಡುವಿನ ಪದರ ಅಲ್ಯೂಮಿನಿಯಂ ಆಕ್ಸೈಡಿನದು. 2004ರಲ್ಲಿ ಜಪಾನಿನ ಶಿಂಜಿ ಯುವಾಸ ಮತ್ತು ಐಬಿಎಂನ ಸ್ಟುವರ್ಟ್ ಪಾರ್ಕಿನ್ ಅವರ ತಂಡಗಳು ಮೆಗ್ನೀಸಿಯಂ ಆಕ್ಸೈಡ್ ಬಳಸಿ ವ್ಯತ್ಯಾಸವನ್ನು ಶೇ. 200ರ ಆಸುಪಾಸಿಗೆ ಏರಿಸಿದವು. ಅಂದರೆ ತಡೆ ಮೂರು ಪಟ್ಟಾಗುತ್ತದೆ. ಅಲ್ಲಿಂದ ಮುಂದೆ ಕಂಪನಿಗಳು ಇದನ್ನು ಗಂಭೀರವಾಗಿ ತೆಗೆದುಕೊಂಡವು. ಅಂದಹಾಗೆ, ಈ ಜಂಕ್ಷನ್ ನಿಮ್ಮ ಮನೆಯಲ್ಲಿ ಈಗಾಗಲೇ ಇರಬಹುದು. 2005ರ ಸುಮಾರಿನಿಂದ ಹಾರ್ಡ್‌ಡಿಸ್ಕಿನ ಓದುವ ತಲೆಗಳಲ್ಲಿ ಎಂಟಿಜೆ ಬಂದಿದೆ.

ಓದುವುದು ಸುಲಭ: ಸಣ್ಣ ಕರೆಂಟು ಹರಿಸಿ ತಡೆ ಅಳೆದರಾಯಿತು. ಬರೆಯುವುದೇ ಕಷ್ಟ. ಮೊದಲ ತಲೆಮಾರಿನ ಚಿಪ್ಪುಗಳಲ್ಲಿ ಪಕ್ಕದ ತಂತಿಗಳಲ್ಲಿ ಕರೆಂಟು ಹರಿಸಿ, ಅದರಿಂದ ಹುಟ್ಟುವ ಅಯಸ್ಕಾಂತ ಕ್ಷೇತ್ರದಿಂದ ಪದರವನ್ನು ತಿರುಗಿಸುತ್ತಿದ್ದರು. ಈ ವಿಧಾನದಲ್ಲಿ ಬಿಟ್ ಚಿಕ್ಕದಾದಷ್ಟೂ ತೊಂದರೆ ಹೆಚ್ಚು. 1996ರಲ್ಲಿ ಜಾನ್ ಸ್ಲೊನ್‌ಚೆವ್‌ಸ್ಕಿ ಮತ್ತು ಲುಕ್ ಬರ್ಜರ್ ಬೇರೆ ಬೇರೆಯಾಗಿ ಇನ್ನೊಂದು ದಾರಿ ಹೇಳಿದರು. ಕರೆಂಟನ್ನು ಜಂಕ್ಷನ್ ಮೂಲಕವೇ ಹರಿಸಿ. ಬಿಗಿದ ಪದರವನ್ನು ದಾಟಿ ಬರುವ ಎಲೆಕ್ಟ್ರಾನುಗಳು ಒಂದೇ ಬಗೆಯ ಸ್ಪಿನ್ ಹೊತ್ತು ಬಂದು ಸಡಿಲ ಪದರವನ್ನು ತಮ್ಮ ದಿಕ್ಕಿಗೆ ತಳ್ಳುತ್ತವೆ. ಕರೆಂಟಿನ ದಿಕ್ಕು ಬದಲಿಸಿದರೆ ಪದರ ಎದುರು ದಿಕ್ಕಿಗೆ ವಾಲುತ್ತದೆ. ಇದಕ್ಕೆ ಸ್ಪಿನ್ ಟ್ರಾನ್ಸ್‌ಫರ್ ಟಾರ್ಕ್ ಎಂದು ಹೆಸರು, ಅಂದರೆ ಸ್ಪಿನ್ ಕೊಟ್ಟು ತಿರುಗಿಸುವುದು.

ಇಲ್ಲೊಂದು ಕೊಡು-ಕೊಳ್ಳು ಲೆಕ್ಕವಿದೆ. ಬಿಟ್ ಹತ್ತು ವರ್ಷ ಅಲುಗಾಡದೆ ನಿಲ್ಲಬೇಕಾದರೆ ಪದರ ಗಟ್ಟಿಯಾಗಿ ಕೂರಬೇಕು. ಗಟ್ಟಿಯಾಗಿ ಕೂತದ್ದನ್ನು ತಿರುಗಿಸಲು ಹೆಚ್ಚು ಕರೆಂಟು ಬೇಕು. ಹೆಚ್ಚು ಕರೆಂಟು ಹರಿದಷ್ಟೂ ಆ ಒಂದು ನ್ಯಾನೋಮೀಟರ್ ಪದರ ಸವೆಯುತ್ತದೆ. ಬೇಗ ಬರೆಯಬೇಕು, ಬಹುಕಾಲ ಉಳಿಯಬೇಕು, ಕರೆಂಟೂ ಕಡಿಮೆ ಸಾಕು ಎಂದರೆ ಮೂರೂ ಒಟ್ಟಿಗೆ ಸಿಗುವುದಿಲ್ಲ. ಯಾವುದೇ ಕಂಪನಿಯ ಜಾಹೀರಾತು ಓದುವಾಗ ಇದನ್ನು ನೆನಪಿಡಿ.

ಒಂದು ಎಂಟಿಜೆ, ಅದರ ಕೆಳಗೊಂದು ಟ್ರಾನ್ಸಿಸ್ಟರ್: ಇದೇ ಎಂ-ರ‍್ಯಾಮ್ ಮೆಮೊರಿಯ ಒಂದು ಕೋಶ. ಮಾರುಕಟ್ಟೆಗೆ ಬಂದ ಮೊದಲ ಎಂ-ರ‍್ಯಾಮ್ ಚಿಪ್ 2006ರಲ್ಲಿ ಫ್ರೀಸ್ಕೇಲ್ ಕಂಪನಿಯದು. ಸಾಮರ್ಥ್ಯ 4 ಮೆಗಾಬಿಟ್, ಬೆಲೆ ಆಗ ಸುಮಾರು 25 ಡಾಲರ್, ಓದಲು ಬರೆಯಲು 35 ನ್ಯಾನೋಸೆಕೆಂಡ್. 2008ರಲ್ಲಿ ಆ ವಿಭಾಗ ಎವರ್‌ಸ್ಪಿನ್ ಎಂಬ ಬೇರೆ ಕಂಪನಿಯಾಯಿತು.

ಈಗ ಲಾಜಿಕ್ ವಿಷಯಕ್ಕೆ ಬರೋಣ. ಎಫ್‌ಪಿಜಿಎ ಒಳಗೆ ಇರುವುದು ಬಹುಪಾಲು ಲುಕ್‌ಅಪ್ ಟೇಬಲ್‌ಗಳು, ಅಂದರೆ ಉತ್ತರಗಳನ್ನು ಮೊದಲೇ ಬರೆದಿಟ್ಟ ಕೋಷ್ಟಕಗಳು. ಎರಡು ಇನ್‌ಪುಟ್ ಇದ್ದರೆ ನಾಲ್ಕು ಉತ್ತರ ಬೇಕು. ಆ ನಾಲ್ಕು ಬಿಟ್‌ಗಳಲ್ಲಿ 0001 ಎಂದು ಬರೆದರೆ ಅದು ಆ್ಯಂಡ್ ಗೇಟ್. 0111 ಎಂದು ಬರೆದರೆ ಅದೇ ಜಾಗ ಆರ್ ಗೇಟ್. ತಂತಿ ಏನೂ ಬದಲಾಗಲಿಲ್ಲ, ನೆನಪು ಮಾತ್ರ ಬದಲಾಯಿತು. ಆರು ಇನ್‌ಪುಟ್‌ನ ಕೋಷ್ಟಕಕ್ಕೆ 64 ಬಿಟ್ ಬೇಕು. ಈ ಬಿಟ್‌ಗಳನ್ನೇ ಎಂಟಿಜೆಯಲ್ಲಿ ಇಟ್ಟರೆ ಸ್ವಿಚ್ ಹಾಕಿದ ಕೂಡಲೇ ಚಿಪ್ ಸಿದ್ಧ. ಬಳಸದ ಭಾಗಗಳಿಗೆ ವಿದ್ಯುತ್ ಪೂರ್ತಿ ನಿಲ್ಲಿಸಬಹುದು, ಬೇಕೆಂದಾಗ ಮತ್ತೆ ಎಬ್ಬಿಸಬಹುದು. ಲಾಭದ ನಿಜವಾದ ತಿರುಳು ಇದೇ.

ಇದು ಬರೀ ಕಾಗದದ ಮಾತಲ್ಲ. 2015ರಲ್ಲಿ ತೊಹೊಕು ವಿಶ್ವವಿದ್ಯಾಲಯದ ತಂಡ ಆರು ಇನ್‌ಪುಟ್‌ನ 3000 ಕೋಷ್ಟಕಗಳಿರುವ ಇಂಥ ಎಫ್‌ಪಿಜಿಎ ಚಿಪ್ಪನ್ನು ತಯಾರಿಸಿ ವರದಿ ಮಾಡಿತು. ಅದಕ್ಕೂ ಮೊದಲು, 2003ರಲ್ಲಿ, ಬರ್ಲಿನ್ನಿನ ಸಂಶೋಧಕರು ಇನ್ನೂ ದಿಟ್ಟ ವಿಚಾರ ಮುಂದಿಟ್ಟಿದ್ದರು. ಒಂದೇ ಒಂದು ಅಯಸ್ಕಾಂತೀಯ ಘಟಕವನ್ನು ಮೊದಲು ಯಾವ ಸ್ಥಿತಿಯಲ್ಲಿ ಇಡುತ್ತೇವೆ ಎಂಬುದರ ಮೇಲೆ ಅದು ಆ್ಯಂಡ್, ಆರ್, ನ್ಯಾಂಡ್, ನಾರ್ ಯಾವುದು ಬೇಕಾದರೂ ಆಗಬಲ್ಲದು ಎಂಬ ವಿಚಾರ.

ಹಾಗಾದರೆ ಇಂಥ ಚಿಪ್ಪುಗಳು ಅಂಗಡಿಯಲ್ಲಿ ಏಕೆ ಕಾಣುವುದಿಲ್ಲ? ಟ್ರಾನ್ಸಿಸ್ಟರ್ ಮುಚ್ಚಿದಾಗಿನ ತಡೆ ತೆರೆದಾಗಿನ ತಡೆಗಿಂತ ಲಕ್ಷ ಪಟ್ಟಿಗೂ ಹೆಚ್ಚು. ಎಂಟಿಜೆಯಲ್ಲಿ ಆ ಅಂತರ ಎರಡೋ ಮೂರೋ ಪಟ್ಟು. ಇಷ್ಟು ಸಣ್ಣ ವ್ಯತ್ಯಾಸದಿಂದ ನೇರವಾಗಿ ಮುಂದಿನ ಗೇಟನ್ನು ನಡೆಸಲಾಗದು. ಸೆನ್ಸ್ ಆಂಪ್ಲಿಫೈಯರ್, ಅಂದರೆ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುವ ಸರ್ಕ್ಯೂಟ್, ಜೊತೆಗಿರಲೇಬೇಕು. ಅದಕ್ಕೆ ಜಾಗ ಬೇಕು, ಕರೆಂಟು ಬೇಕು. ಹೀಗಾಗಿ ಎಂಟಿಜೆಯನ್ನು ಲೆಕ್ಕ ಮಾಡುವ ಭಾಗವೆಂದು ನೋಡುವುದಕ್ಕಿಂತ ಲೆಕ್ಕ ಮಾಡುವವರ ಪಕ್ಕ ಕೂತು ನೆನಪಿಡುವ ಭಾಗವೆಂದು ನೋಡುವುದೇ ಸರಿ. ಎಂಟಿಜೆ ತುಂಬಿದ ಎಫ್‌ಪಿಜಿಎ ಬರಲಿ ಎಂದು ಕಾಯುತ್ತಾ ನಿಮ್ಮ ಪ್ರಾಜೆಕ್ಟ್ ನಿಲ್ಲಿಸಬೇಡಿ.

ಇವತ್ತು ಎಂಟಿಜೆ ನಿಮಗೆ ಸಿಗುವುದು ಎರಡು ರೂಪದಲ್ಲಿ. ಮೊದಲನೆಯದು ಮೈಕ್ರೋಕಂಟ್ರೋಲರಿನ ಒಳಗೇ ಅಡಗಿದ ಎಂ-ರ‍್ಯಾಮ್. ಟ್ರಾನ್ಸಿಸ್ಟರುಗಳು ತೀರಾ ಚಿಕ್ಕದಾದ ಚಿಪ್ಪುಗಳಲ್ಲಿ ಫ್ಲ್ಯಾಶ್ ಸೇರಿಸುವುದು ದುಬಾರಿ, ಹಾಗಾಗಿ ಕಂಪನಿಗಳು ಇತ್ತ ಬರುತ್ತಿವೆ. ರೆನೆಸಾಸ್ ಕಂಪನಿಯ ಆರ್‌ಎ8ಪಿ1, ಆ್ಯಂಬಿಕ್‌ನ ಅಪೋಲೋ4 ಇದಕ್ಕೆ ಉದಾಹರಣೆ. ಎರಡನೆಯದು ಬಿಡಿ ಎಂ-ರ‍್ಯಾಮ್ ಚಿಪ್. ಅದನ್ನು ಎಫ್‌ಪಿಜಿಎ ಪಕ್ಕದಲ್ಲೇ ಕೂರಿಸಬಹುದು. ಲ್ಯಾಟಿಸ್ ಎಫ್‌ಪಿಜಿಎಗಳಿಗೆ ವಿನ್ಯಾಸ ತುಂಬಿಸಲು ಎವರ್‌ಸ್ಪಿನ್‌ನ ಚಿಪ್ ಹೊಂದುತ್ತದೆ ಎಂದು 2025ರಲ್ಲಿ ಪ್ರಕಟವಾಗಿದೆ. ಬೇರೆ ಕಂಪನಿಯದಾದರೆ ಹೊಂದಾಣಿಕೆಯ ಪಟ್ಟಿ ನೋಡಿಯೇ ಕೊಳ್ಳಿ.

ಬೆಲೆ? ಅಗ್ಗವಲ್ಲ. 256 ಕಿಲೋಬಿಟ್, ಅಂದರೆ 32 ಕಿಲೋಬೈಟಿನ ಸಣ್ಣ ಚಿಪ್ಪಿಗೇ ಬಿಡಿಯಾಗಿ ಕೆಲವು ನೂರು ರೂಪಾಯಿ ಬೀಳುತ್ತದೆ. 4 ಮೆಗಾಬಿಟ್‌ನದು ಸಾವಿರ ದಾಟುತ್ತದೆ. ಅಷ್ಟೇ ಸಾಮರ್ಥ್ಯದ ಫ್ಲ್ಯಾಶ್ ಇದರ ಸಣ್ಣ ಪಾಲಿಗೆ ಸಿಗುತ್ತದೆ. ಸಾಗಣೆ, ತೆರಿಗೆ ಬೇರೆ. ಫೋಟೊ, ವಿಡಿಯೊ ತುಂಬಿಡಲು ಇದು ಆಗುವಂಥದ್ದಲ್ಲ.

ಆನ್‌ಲೈನಿನಲ್ಲಿ ಮೌಸರ್, ಡಿಜಿ-ಕೀ, ಎಲಿಮೆಂಟ್14 ಇಂಥ ವಿತರಕರ ಬಳಿ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಕೇಳಿ ನೋಡಬಹುದು, ಖಾತ್ರಿಯಿಲ್ಲ. ಬೆಸುಗೆ ಹಾಕುವ ಅಭ್ಯಾಸ ಇಲ್ಲದವರಿಗೆ ಮೈಕ್ರೋಎಲೆಕ್ಟ್ರಾನಿಕಾದ ಎಂರ‍್ಯಾಮ್ ಕ್ಲಿಕ್ ಎಂಬ ಸಿದ್ಧ ಬೋರ್ಡಿದೆ. ಅದರಲ್ಲಿರುವುದು ಎವರ್‌ಸ್ಪಿನ್‌ನ 256 ಕಿಲೋಬಿಟ್ ಚಿಪ್. ಎಸ್‌ಪಿಐ ತಂತಿಗಳಿಂದ, ಅಂದರೆ ಚಿಪ್ಪುಗಳು ಮಾತಾಡಿಕೊಳ್ಳುವ ಸರಳ ನಾಲ್ಕು ತಂತಿಯ ಪದ್ಧತಿಯಿಂದ, ಜೋಡಿಸಿ. 3.3 ವೋಲ್ಟ್ ಕೊಡಿ, 5 ವೋಲ್ಟ್ ಬೇಡ. ಸೀರಿಯಲ್ ಇಇಪ್ರಾಮ್‌ಗೆ ಬರೆದ ಪ್ರೋಗ್ರಾಂ ಸಣ್ಣ ಬದಲಾವಣೆಯಿಂದ ಇದಕ್ಕೂ ನಡೆಯುತ್ತದೆ. ಬರೆದ ಮೇಲೆ ಕಾಯುವ ಸಾಲುಗಳನ್ನು ತೆಗೆದುಹಾಕಬಹುದು.

ಹತ್ತಿರ ಅಯಸ್ಕಾಂತ ತಂದರೆ ಅಳಿಸಿಹೋಗುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ತೀರಾ ಹತ್ತಿರ ತಂದರೆ ಹೌದು, ಅಪಾಯವಿದೆ. ಎಷ್ಟು ಕ್ಷೇತ್ರ ತಡೆಯುತ್ತದೆ ಎಂದು ಡೇಟಾಶೀಟಿನಲ್ಲಿ ಬರೆದಿರುತ್ತಾರೆ. ಹಳೆಯ ಬಗೆಯ ಚಿಪ್ಪುಗಳಲ್ಲಿ ಇದು 10 ಮಿಲಿಟೆಸ್ಲಾ ಆಸುಪಾಸು. ನಿಯೋಡಿಮಿಯಂ ಅಯಸ್ಕಾಂತದ ಮೈಮೇಲೆ ಇದರ ಹತ್ತಾರು ಪಟ್ಟು ಇರುತ್ತದೆ. ಮೋಟಾರು, ಸ್ಪೀಕರ್, ರಿಲೇಗಳಿಂದ ಸ್ವಲ್ಪ ದೂರವಿಡಿ. ಬೆಸುಗೆಯ ಬಿಸಿಗೂ ಕೆಲವು ಚಿಪ್ಪಿನ ದತ್ತಾಂಶ ಅಳಿಯಬಹುದು. ಬೆಸುಗೆ ಮುಗಿದ ಮೇಲೆ ದತ್ತಾಂಶ ತುಂಬಿಸುವುದು ಕ್ಷೇಮ.

ಕೊಳ್ಳುವ ಮುನ್ನ ಒಂದು ಲೆಕ್ಕ ಹಾಕಿ. ಸಾಮಾನ್ಯ ಫ್ಲ್ಯಾಶ್‌ನ ಒಂದು ಭಾಗ ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯುವವರೆಗೆ ಬಾಳುತ್ತದೆ. ನಿಮ್ಮ ಮೀಟರು ಸೆಕೆಂಡಿಗೊಮ್ಮೆ ಅದೇ ಜಾಗದಲ್ಲಿ ಬರೆದರೆ 28 ಗಂಟೆಯೊಳಗೆ ಅದು ಮುಗಿಯಿತು. ಇಂಥ ಕೆಲಸಕ್ಕೆ, ಅದರಲ್ಲೂ ಯಾವ ಕ್ಷಣದಲ್ಲಾದರೂ ಕರೆಂಟು ಹೋಗುವ ಕಡೆ, ಇಷ್ಟು ಬೇಗ ಸವೆಯದ ಬಿಡಿ ಎಂ-ರ‍್ಯಾಮ್‌ಗೆ ಹಣ ಹಾಕಿ. ದಿನಕ್ಕೆ ನಾಲ್ಕಾರು ಸಲ ಮಾತ್ರ ಬರೆಯುವ ಸಾಧನಕ್ಕೆ ಫ್ಲ್ಯಾಶ್ ಧಾರಾಳ ಸಾಕು.