ಬಂದು ಹೋಗುವ ಲೂಸ್ ಕಾಂಟ್ಯಾಕ್ಟ್

ಹಳೆಯ ಅಂಬಾಸಡರ್ ಹೊಂಡಕ್ಕಿಳಿದಾಗ ಹೆಡ್‌ಲೈಟ್ ಆರುತ್ತದೆ, ಮುಂದಿನ ಹೊಂಡದಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಶೆಡ್ಡಿಗೆ ತಂದು ನಿಲ್ಲಿಸಿದರೆ ಎರಡೂ ದೀಪ ಝಗಝಗ. ಪೂರ್ತಿ ಕೆಟ್ಟದ್ದನ್ನು ಯಾರಾದರೂ ಹುಡುಕಿಯಾರು. ಬಂದು ಹೋಗುವ ತೊಂದರೆಯನ್ನು ಹಿಡಿಯುವುದು ಬೇರೆಯದೇ ವಿದ್ಯೆ. ಅದನ್ನು ಬಲ್ಲ ಎಲೆಕ್ಟ್ರಿಷಿಯನ್ ಮೊದಲು ಏನನ್ನೂ ಮುಟ್ಟುವುದಿಲ್ಲ, ಕೇಳುತ್ತಾನೆ. ಇಂಜಿನ್ ಕಾದ ಮೇಲೋ, ತಣ್ಣಗಿದ್ದಾಗಲೋ? ಮಳೆಯಲ್ಲೋ? ಸಿಕ್ಕ ವೈರನ್ನೆಲ್ಲ ಎಳೆದಾಡಿ, ಸ್ಕ್ರೂಗಳನ್ನೆಲ್ಲ ಬಿಗಿಮಾಡಿದರೆ ತೊಂದರೆ ನಾಲ್ಕು ದಿನ ಅಡಗುತ್ತದೆ. ಅದು ಎಲ್ಲಿತ್ತೆಂಬ ಗುರುತೂ ಅಳಿಸಿಹೋಗುತ್ತದೆ.

ಅವನ ಕೈಯಲ್ಲಿ ನಾನು ಬಹಳ ಮೆಚ್ಚುವ ಸಾಮಾನು ಟೆಸ್ಟ್ ಲ್ಯಾಂಪ್: ಒಂದು ಬಲ್ಬು, ಎರಡು ವೈರು. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು 12 ವೋಲ್ಟ್ ತೋರಿಸುತ್ತದೆ, ಅದು ಬಲ್ಬಿನಂತೆ ಕರೆಂಟು ಎಳೆಯುವುದಿಲ್ಲವಲ್ಲ. 60 ವ್ಯಾಟ್ ಹೆಡ್‌ಲೈಟಿಗೆ ಬೇಕಾದದ್ದು 5 ಆಂಪಿಯರ್. ತುಕ್ಕು ಹಿಡಿದ ಜಾಯಿಂಟಿನಲ್ಲಿ ಅರ್ಧ ಓಮ್ ತಡೆಯಿದ್ದರೆ ಸುಮಾರು 2 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಆದ್ದರಿಂದ ಮೀಟರು ಹಿಡಿದರೂ ದೀಪ ಉರಿಯುತ್ತಿರುವಾಗಲೇ ಹಿಡಿಯಬೇಕು: ಒಂದು ತುದಿ ಬ್ಯಾಟರಿಯ ಅರ್ತ್ ಟರ್ಮಿನಲ್‌ಗೆ, ಇನ್ನೊಂದು ದೀಪದ ಅರ್ತ್‌ಗೆ. ಸೊನ್ನೆಯ ಆಸುಪಾಸಿದ್ದರೆ ಸರಿ. ಒಂದು ವೋಲ್ಟ್ ಬಂತೋ, ತುಕ್ಕು ಆ ದಾರಿಯಲ್ಲೇ ಇದೆ.

ಅರ್ತ್ ಎಂದರೆ ಗಾಡಿಯ ಬಾಡಿಯೇ. ಆದರೆ ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಎರಡನ್ನೂ ಬೆಸೆಯುವುದು ಹೆಣೆದ ತಾಮ್ರದ ಒಂದು ಪಟ್ಟಿ. ಅದು ಸವೆದರೆ ಸೆಲ್ಫ್ ಹೊಡೆದಾಗ ಕರೆಂಟು ಚೋಕ್ ಕೇಬಲಿನ ಮೂಲಕವಾದರೂ ದಾರಿ ಮಾಡಿಕೊಳ್ಳುತ್ತದೆ. ಕೇಬಲ್ ಮುಟ್ಟಿ, ಬಿಸಿ ಕಂಡು, ಪಟ್ಟಿಯ ಕಡೆ ಬಗ್ಗುವವನೇ ನಿಜವಾದ ಕೆಲಸಗಾರ.

ವೈರಿನ ಬಣ್ಣಗಳೂ ಮಾತಾಡುತ್ತವೆ. ಮಾರಿಸ್ ಆಕ್ಸ್‌ಫರ್ಡ್ ವಂಶದ ಈ ಗಾಡಿಗೆ ಬ್ರಿಟಿಷ್ ಪದ್ಧತಿ: ಕಂದು ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿದ ಇಗ್ನಿಷನ್, ಕಪ್ಪು ಅರ್ತ್. ಮಧ್ಯೆ ಯಾರೋ ಸಿಕ್ಕ ಬಣ್ಣದ ತುಂಡು ಸೇರಿಸಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಎಲ್ಲಕ್ಕಿಂತ ಸೊಗಸಾದದ್ದು ಡೆಲ್ಕೋ, ಅಂದರೆ ಡಿಸ್ಟ್ರಿಬ್ಯೂಟರ್, ಒಳಗಿನ ಬೇಟೆ. ಐಡ್ಲಿಂಗಿನಲ್ಲಿ ಇಂಜಿನ್ ನೆಟ್ಟಗಿರುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ. ಮುಚ್ಚಳದೊಳಗೆ, ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟಿಗೆ ಹೋಗುವ ಗೇಣುದ್ದವೂ ಇಲ್ಲದ ವೈರೊಂದಿದೆ. ವ್ಯಾಕ್ಯೂಮ್ ಎಳೆದಾಗಲೆಲ್ಲ ಪಾಯಿಂಟ್ ಕೂತ ತಟ್ಟೆ ಕೆಲವೇ ಡಿಗ್ರಿ ತಿರುಗುತ್ತದೆ, ವೈರೂ ಬಾಗುತ್ತದೆ. ವರ್ಷಾನುಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರ ತುಂಡಾಗಿರುತ್ತದೆ. ಮೇಲಿನ ಹೊದಿಕೆ ಮಾತ್ರ ಹೊಸತರಂತೆ. ಎಲೆಕ್ಟ್ರಿಷಿಯನ್ ಪಾಯಿಂಟ್ ಕೂಡಿರುವಂತೆ ಇಂಜಿನ್ ತಿರುಗಿಸಿಟ್ಟು, ಕಾಯಿಲ್‌ನಿಂದ ಬರುವ ವೈರು ಬಿಚ್ಚಿ, ಟೆಸ್ಟ್ ಲ್ಯಾಂಪನ್ನು ಬ್ಯಾಟರಿಗೂ ಡೆಲ್ಕೋ ಟರ್ಮಿನಲ್‌ಗೂ ಹಚ್ಚುತ್ತಾನೆ. ಬಲ್ಬು ಉರಿಯುತ್ತದೆ. ಆಮೇಲೆ ವ್ಯಾಕ್ಯೂಮ್ ಪೈಪಿನ ತುದಿ ಬಾಯಿಗಿಟ್ಟು ಎಳೆಯುತ್ತಾನೆ. ತಟ್ಟೆ ಕದಲುತ್ತದೆ, ಬಲ್ಬು ಆರುತ್ತದೆ. ಬಿಟ್ಟರೆ ಮತ್ತೆ ಉರಿಯುತ್ತದೆ. ವೈರನ್ನು ಬೆರಳಲ್ಲಿ ಹೊಸೆದರೆ ಒಂದು ಕಡೆ ಬರೀ ನೂಲಿನಂತೆ ಮೆತ್ತಗೆ.

ಸಣ್ಣ ಎಳೆಗಳ ಮೆದು ವೈರನ್ನೇ ಆರಿಸಿ, ತಿರುಗಲು ಸಾಕಷ್ಟು ಸಡಿಲ ಬಿಟ್ಟು ಬೆಸುಗೆ ಹಾಕುತ್ತಾನೆ. ಅಷ್ಟಕ್ಕೇ ಮುಚ್ಚಳ ಮುಚ್ಚುವುದಿಲ್ಲ. ಪೈಪನ್ನು ಮತ್ತೆ ಬಾಯಿಗಿಟ್ಟು, ಬಲ್ಬಿನಿಂದ ಕಣ್ಣು ಕೀಳದೆ, ಹತ್ತು ಸಲ ಎಳೆಯುತ್ತಾನೆ.